ತಿಕೋಟಾದ ಕಿಟಕಿಯ ತಿರುಗುವ ಸಲಾಕೆ

ಮೂರನೇ ಏಟಿಗೆ ಕಿಟಕಿಯ ಹಿಡಿಕೆ ಕಿತ್ತು ನನ್ನ ಕಾಲ ಮೇಲೆ ಬಿತ್ತು.

"ಮುರದ್ಯಾ?" ಹಿಂದಿನಿಂದ ದನಿ ಬಂತು. ಆ ಮನೆಯೊಡತಿ ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಿದ್ದರು. ಎರಡೂ ಕೈಗೆ ಜೋಳದ ಹಿಟ್ಟು.

"ಮುರೀಲಿ ಬಿಡ್ರಿ ಅಕ್ಕಾರ. ಹೆಂಗೂ ಇದನ್ನ ಕಿತ್ತ ಒಗಿಯೂದ ಐತಿ. ಸಂಜಿಮುಂದ ಸ್ಲೈಡಿಂಗ್ ಕಿಡಕಿ ಬರತೈತಲ್ರಿ."

"ಅದು ನನ್ನ ಮಗಾ ತರಸಾಕತ್ತಿದ್ದು. ನಾ ಏನ ಬೇಡೀನೇನು?"

ನಾನು ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಯೂಮಿನಿಯಂ ಕಿಟಕಿ, ಅಂಗಡಿಗಳ ಶಟರ್, ಕಬ್ಬಿಣದ ಕಪಾಟು, ಇವು ನಮ್ಮ ಕೆಲಸ. ಆ ದಿನ ಮಾಲಕರು ನನ್ನನ್ನು ಬೆಳಿಗ್ಗೆಯೇ ತಿಕೋಟಾಕ್ಕೆ ಕಳಿಸಿದ್ದರು. ಅಡುಗೆಮನೆಯ ಹಳೆ ಕಿಟಕಿ ಕೀಳಬೇಕು, ಗೋಡೆ ಸರಿ ಮಾಡಿ ಇಡಬೇಕು, ನಾಲ್ಕು ಗಂಟೆಗೆ ಅವರು ಹೊಸ ಫ್ರೇಮ್ ತಂದು ಕೂರಿಸುತ್ತಾರೆ. ಇಷ್ಟೇ.

ಕಿಟಕಿ ನನ್ನ ತಲೆಗಿಂತ ಎತ್ತರ. ಒಳಗೆ ತೆರೆಯುವ ಎರಡು ಮರದ ಕದ. ಬಲಗಡೆಯ ಕದದ ಅಂಚಿಗೆ ಮೇಲಿನಿಂದ ಕೆಳಗಿನ ತನಕ ಬೆರಳುಗಾತ್ರದ ಕಬ್ಬಿಣದ ಸಲಾಕೆ. ಅದನ್ನು ನಾಲ್ಕು ಬಳೆಗಳು ಕದಕ್ಕೆ ಹಿಡಿದುಕೊಂಡಿದ್ದವು. ಸೊಂಟದ ಮಟ್ಟದಲ್ಲಿ ಹಿಡಿಕೆ. ಸಲಾಕೆ ಅಲುಗುತ್ತಿರಲಿಲ್ಲ. ಅದನ್ನು ಬಿಚ್ಚಿದರೆ ಕದ ಹಗುರವಾಗುತ್ತದೆ ಎಂದು ಕೆಳಗಿನಿಂದ ಮೇಲಕ್ಕೆ ಸುತ್ತಿಗೆಯಲ್ಲಿ ಹೊಡೆದೆ. ಸಲಾಕೆ ಏರಲಿಲ್ಲ. ಹಿಡಿಕೆ ಬಿತ್ತು.

ಅಕ್ಕ ಅದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು. ಕಿತ್ತು ಒಗೆಯುವ ವಸ್ತುವನ್ನು ಯಾಕೆ ಒರೆಸುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಕೇಳಿದೆ.

"ಇದು ನೆಟ್ಟಗಿದ್ದಾಗ ನಾ ಯಾರನ್ನೂ ಕರೀತಿದ್ದಿಲ್ಲ" ಎಂದರು.

ಅವರು ರೊಟ್ಟಿ ಮಾಡಿ ಮಾರುತ್ತಾರೆ. ದಿನಾ ನೂರರ ಮೇಲೆ. ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಕೊಟ್ಟರೆ ವಿಜಯಪುರದ ಖಾನಾವಳಿಗೆ ಹೋಗುತ್ತವೆ. ಎರಡು ವರ್ಷದ ಹಿಂದೆ ಟಂಟಂ ಆಟೋದಿಂದ ಇಳಿಯುವಾಗ ಬಿದ್ದು ಬಲಗಡೆಯ ಹೆಗಲು ಕೆಟ್ಟಿದೆ. ಕೈ ರೊಟ್ಟಿ ಬಡಿಯುತ್ತದೆ, ಆದರೆ ಎದೆಗಿಂತ ಮೇಲೆ ಏಳುವುದಿಲ್ಲ. ಕಟ್ಟಿಗೆ ಒಲೆ. ಎರಡೂ ಕದ ತೆರೆದರೆ ಹೊಗೆ ಹೋಗುತ್ತದೆ. ಗಾಳಿ ಬೀಸಿದಾಗ ಥಟ್ಟನೆ ಮುಚ್ಚಬೇಕು, ಇಲ್ಲದಿದ್ದರೆ ಹಿಟ್ಟು ಹಾರಿ ಮನೆ ತುಂಬ, ಒಲೆಯ ಕಿಡಿ ಕಟ್ಟಿಗೆಯ ಮೇಲೆ. ಮೊದಲು ಒಂದು ಹಿಡಿಕೆ ತಿರುಗಿಸಿದರೆ ಮುಗಿಯುತ್ತಿತ್ತಂತೆ. ಕಳೆದ ವರ್ಷ ಅದು ನಿಂತುಹೋಯಿತು. ಮಗ ಮೇಲೊಂದು ಕೆಳಗೊಂದು ಚಿಲಕ ಹೊಡೆಸಿದ. ಮೇಲಿನ ಚಿಲಕ ಅಕ್ಕನಿಗೆ ಎಟುಕುವುದಿಲ್ಲ.

"ಬಾಜೂ ಮನಿ ಹುಡಿಗೀನ್ನ ಕರದು ಕರದು ಸಾಕಾಗೇತಿ. ಒಂದ ದಿನಕ್ಕ ಎಂಟ ಸಲ 'ಬಾರವ್ವಾ, ಕಿಡಕಿ ಹಾಕು' ಅಂದ್ರ ಯಾರ ಬರತಾರ? ಸೊಸಿ ವಿಜಯಪುರಕ್ಕ ನೌಕರಿಗಿ ಹೋಗತಾಳ. ಮಗಾ ಗಾಡಿ ಮ್ಯಾಲ ಹೋಗತಾನ."

"ಅದಕ್ಕ ಸ್ಲೈಡಿಂಗ್ ಛಲೋರಿ. ಒಂದ ಬೆರಳಿಲೆ ಸರಸಬಹುದು."

"ಅದು ಎಷ್ಟ ತೆರೀತೈತಿ?"

"ಅರ್ಧಾರಿ" ಎಂದೆ. ಸ್ಲೈಡಿಂಗ್ ಅಂದರೆ ಹಾಗೆಯೇ. ಒಂದು ಗಾಜು ಇನ್ನೊಂದರ ಹಿಂದೆ ಹೋಗುತ್ತದೆ, ಅಷ್ಟೇ.

"ಅರ್ಧಾ ಹೊಗಿ ನನ್ನ ಕಣ್ಣಾಗ ಇರತೈತಿ. ಆಮ್ಯಾಲ ಮಗಾ 'ರೊಟ್ಟಿ ಬಿಡು ಬೇ, ಸಾಕು' ಅಂತಾನ. ನಂಗ ಗೊತ್ತೈತಿ ಅವನ ಹಂಚಿಕಿ."

ಹೀಗೆ ಹೇಳಿ ಹಿಡಿಕೆ ನನ್ನ ಕೈಗೆ ಕೊಟ್ಟು ಒಲೆಯ ಮುಂದೆ ಕುಳಿತರು. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಉಳಿಯಿತು. ಸೊಂಟದ ಹತ್ತಿರದ ಒಂದು ಹಿಡಿಕೆ, ಎಟುಕದ ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಒಂದೇ ಸಲಕ್ಕೆ ಹೇಗೆ ಹಾಕುತ್ತಿತ್ತು? ಕಪಾಟಿನಲ್ಲಿ ಹಿಡಿಕೆ ತಿರುಗಿಸಿದರೆ ಒಂದು ಸಲಾಕೆ ಮೇಲಕ್ಕೆ, ಒಂದು ಕೆಳಕ್ಕೆ ಜಾರುತ್ತದೆ. ಅಂಥವನ್ನು ನೂರಾರು ಮಾಡಿದ್ದೇನೆ. ಇಲ್ಲಿ ಸಲಾಕೆ ಒಂದೇ. ಎರಡು ಕಡೆ ಹೇಗೆ ಜಾರೀತು?

ಇಂಥ ಸಲಾಕೆಗಳನ್ನು ಬಬಲೇಶ್ವರದಲ್ಲಿ ನೋಡಿದ ನೆನಪಿತ್ತು. ಅಲ್ಲಿ ಹಳೆ ವಾಡೆಗಳ, ಅಂದರೆ ದೊಡ್ಡ ಮನೆಗಳ, ಬಾಗಿಲು, ಕಂಬ, ಕಿಟಕಿ ಮಾರುವ ಒಬ್ಬ ಕಾಕಾ ಇದ್ದಾರೆ. ನಾವು ಕಿತ್ತ ಮರವೆಲ್ಲ ಅವರಿಗೇ ಹೋಗುವುದು. ಗಡಿಯಾರ ನೋಡಿದೆ, ಹತ್ತೂವರೆ. "ಬಂದೆ ತಡೀರಿ" ಎಂದು ಗಾಡಿ ಹೊಡೆದೆ. ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಮತ್ತೆ ದ್ರಾಕ್ಷಿ ತೋಟ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ.

ಕಾಕಾ ಬೇವಿನ ನೆರಳಿನಲ್ಲಿ ಒಂದು ಹೊಸ್ತಿಲ ಮೇಲೆ ಕುಳಿತಿದ್ದರು. ಬಾಗಿಲಿಲ್ಲದ ಹೊಸ್ತಿಲು. ಹಿಡಿಕೆ ತೋರಿಸಿದೆ.

"ಸಳೀನ್ನ ಮ್ಯಾಲಕ್ಕ ಹೊಡದ್ಯಾ?" ಎಂದರು, ನಾನು ಬಾಯಿ ತೆರೆಯುವ ಮೊದಲೇ. ಸಳಿ ಎಂದರೆ ಸಲಾಕೆ.

"ಹೊಡದೇನ್ರಿ."

"ಕಪಾಟ ಮಾಡೂ ಮಂದಿ ಎಲ್ಲಾರೂ ಹಂಗ ಹೊಡೀತೀರಿ. ಬಾ ಇಲ್ಲಿ, ಶಾಣ್ಯಾ."

ಜೈನಾಪುರದ ಒಂದು ವಾಡೆ ಕೆಡವಿದಾಗ ಬಂದ ಕಿಟಕಿಯಂತೆ, ಚೌಕಟ್ಟಿನ ಸಮೇತ ಗೋಡೆಗೆ ಆನಿಸಿಟ್ಟಿದ್ದರು. ಕದ ಮುಚ್ಚಿ, "ತಿರಗಿಸು" ಎಂದರು. ತಿರುಗಿಸಿದೆ. ಸಲಾಕೆ ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ. ನಿಂತಲ್ಲೇ ಸುತ್ತಿತು. ಇಡೀ ಸಲಾಕೆ. ಅದರ ಎರಡೂ ತುದಿ ಕೊಕ್ಕೆಯ ಹಾಗೆ ಬಾಗಿದ್ದವು. ಸಲಾಕೆ ಸುತ್ತಿದ ಹಾಗೆ ಮೇಲಿನ ಕೊಕ್ಕೆ ಚೌಕಟ್ಟಿನ ಮೇಲಿನ ಅಂಚಿನಲ್ಲಿದ್ದ ಗೂಟದಂಥ ಕೀಲಿನ ಹಿಂದೆ ಹೋಯಿತು, ಕೆಳಗಿನದು ಕೆಳಗಿನ ಕೀಲಿನ ಹಿಂದೆ. ಹಿಡಿಕೆ ಇನ್ನೊಂದು ಕದದ ಮೇಲಿದ್ದ ತಗಡಿನ ಗೂಡಿನಲ್ಲಿ ಕುಳಿತು ಆ ಕದವನ್ನೂ ಒತ್ತಿ ಹಿಡಿಯಿತು. ಕೀಲಿನ ಹಿಂದೆ ಸುತ್ತುವಾಗ ಕೊಕ್ಕೆ ಕದವನ್ನು ಚೌಕಟ್ಟಿನ ಕಡೆಗೆ ಎಳೆದುಕೊಂಡಿತು. ಸುಮ್ಮನೆ ಹಿಡಿಯುವುದಲ್ಲ, ಎಳೆಯುವುದು. ಕದ ಅಲ್ಲಾಡಿಸಿದೆ. ಸಪ್ಪಳವೇ ಇಲ್ಲ.

ಮತ್ತೆ ತೆಗೆದೆ. ಮತ್ತೆ ಹಾಕಿದೆ. ಮೇಲಿನ ಕೊಕ್ಕೆಯನ್ನೇ ನೋಡುತ್ತಾ ಒಂದು ಸಲ, ಕೆಳಗಿನದನ್ನೇ ನೋಡುತ್ತಾ ಒಂದು ಸಲ. ಎರಡೂ ಒಂದೇ ಸಲಕ್ಕೆ ಕೂರುತ್ತವೆಯೋ, ಹಿಂದೆ ಮುಂದೆಯೋ ಎಂದು ನೋಡಬೇಕಿತ್ತು. ಒಂದೇ ಸಲಕ್ಕೆ ಕೂರುತ್ತವೆ.

"ಸಾಕ ಬಿಡೋ, ತೇದ ಹೋದೀತು" ಎಂದರು ಕಾಕಾ.

"ಇದರ ಹೆಸರೇನ್ರಿ?"

"ನಾ ತಿರಗೂ ಸಳಿ ಅಂತೇನಿ. ಗಿರಾಕಿ ಬಂದು 'ಅದು ಐತೇನ್ರಿ, ಅದು' ಅಂತಾರ. ಹೆಸರ ತಗೊಂಡ ಏನ ಮಾಡ್ತಿ? ಆ ಮನೀದು ಯಾಕ ನಿಂತೈತಿ, ಅದನ್ನ ನೋಡು. ಇದು ಮುರಿಯೂ ಸಾಮಾನಲ್ಲ. ಏನರ ಹಿಡದಿರತೈತಿ."

ತಿಕೋಟಾಕ್ಕೆ ವಾಪಸ್ ಬಂದು ಬಳೆಗಳ ಹತ್ತಿರ ಕಣ್ಣು ಇಟ್ಟು ನೋಡಿದೆ. ಬಳೆ ಎಲ್ಲಿ ಮುಗಿಯುತ್ತದೆ, ಸಲಾಕೆ ಎಲ್ಲಿ ಶುರುವಾಗುತ್ತದೆ ಎಂದೇ ಗೊತ್ತಾಗುತ್ತಿರಲಿಲ್ಲ. ಎಲ್ಲ ಒಂದೇ ಹಸಿರು. ಉಗುರು ಹಾಕಿದರೆ ಮೆತ್ತಗೆ ಸಿಕ್ಕಿತು. ಜಂಗು-ತುಕ್ಕು ಅಲ್ಲ, ಆಯಿಲ್ ಪೇಂಟ್.

ತಿರುಪು ಬಿಚ್ಚಿ ಬಳೆಗಳನ್ನೂ ಸಲಾಕೆಯನ್ನೂ ಒಟ್ಟಿಗೆ ಕದದಿಂದ ಇಳಿಸಿದೆ. ಕೆರೆಯಲು ಕುಳಿತರೆ ಎರಡು ದಿನ ಬೇಕು. ಬೆಂಕಿಗೆ ಹಿಡಿಯಬೇಕಿತ್ತು. ಅಕ್ಕ ಆಗತಾನೆ ಹಂಚು ಇಳಿಸಿದ್ದರು.

"ಒಲ್ಯಾಗ ಹಾಕಲೇನ್ರಿ?"

"ರೊಟ್ಟಿ ಮುಗದಾವು, ಹಾಕು. ವಾಸನಿ ಬಂದ್ರ ಮಾತ್ರ ನಿನ್ನ ಕಡಿಂದ ಒಲಿ ಸಾರಸ್ತೇನಿ."

ವಾಸನೆ ಬಂತು. ಇಬ್ಬರೂ ಕೆಮ್ಮಿದೆವು. ಬಣ್ಣ ಗುಳ್ಳೆ ಎದ್ದಿತು, ಇಕ್ಕಳದಲ್ಲಿ ಹಿಡಿದು ಚಾಕುವಿನಿಂದ ಎಬ್ಬಿಸಿದೆ. ಹಸಿರಿನ ಕೆಳಗೆ ನೀಲಿ. ನೀಲಿಯ ಕೆಳಗೆ ಕೆಂಪು. ಅದರ ಕೆಳಗೆ ಮತ್ತೆ ನೀಲಿ, ಬೇರೆ ನೀಲಿ. ಅಕ್ಕ ಹತ್ತಿರ ಬಂದು ಕುಳಿತರು.

"ಹಸರ ನನ್ನ ಮಗನ ಲಗ್ನದ್ದು. ಹೋದ ವರ್ಷ. ಈ ನೀಲಿ ಮಗಳದು. ಕೆಂಪ ಮೈದುನಂದು, ಅವ ಹಟಾ ಮಾಡಿ ಕೆಂಪ ಹಚ್ಚಿಸಿದ್ದ. ಕೆಳಗಿಂದು ನಂದು. ನಾ ಈ ಮನಿಗಿ ಬಂದಾಗ ಇದ ಬಣ್ಣ ಇತ್ತು."

"ಪ್ರತಿ ಲಗ್ನಕ್ಕೂ ಕಬ್ಬಿಣಕ್ಕೂ ಹಚ್ಚೂದೇನ್ರಿ?"

"ಲಗ್ನದ ಮನಿ ಅಂದ್ರ ಎಲ್ಲಾ ಹೊಳೀಬೇಕಲ್ಲೋ ತಮ್ಮಾ."

"ಹಂಗಾದ್ರ ಮೊದಲ್ನೇ ಲಗ್ನಕ್ಕ ಹಿಡೀಬೇಕಿತ್ತಲ್ರಿ. ಈ ಸಲಾನ ಯಾಕ ಹಿಡೀತು?"

ಅಕ್ಕ ಕೆಳಗಿಟ್ಟಿದ್ದ ಹಿಡಿಕೆ ಎತ್ತಿಕೊಂಡರು.

"ನಮ್ಮ ಮಾವಾರು" ಎಂದರು. "ಪೇಂಟರ್ ಬಣ್ಣ ಹಚ್ಚಿ ಹೊರಗ ಹ್ವಾದ ಕೂಡ್ಲೆ ಬಂದು ಹಿಡಕಿ ತಿರಗಿಸಿಬಿಡತಿದ್ರು. ತಾಸಿಗೊಮ್ಮೆ ತಿರಗಿಸವ್ರು. ಕೈಯೆಲ್ಲಾ ಬಣ್ಣ. ಪೇಂಟರ್ ಬೈತಿದ್ದ, ಅತ್ತಿ ಬೈತಿದ್ರು. ಮುದುಕಗ ಚಟಾ ಅಂದ್ಕೊಂಡಿದ್ವಿ. ಮಗನ ಲಗ್ನಕ್ಕ ಅವ್ರು ಇದ್ದಿಲ್ಲ."

ಕಾರಣ ಇಷ್ಟೇ. ಬಣ್ಣ ಹಚ್ಚುವಾಗ ಕದ ತೆರೆದಿಟ್ಟಿದ್ದರು, ಕೊಕ್ಕೆ ಬಿಚ್ಚಿಕೊಂಡೇ ಒಣಗಿತು. ಹಿಡಿಕೆ ತಿರುಗಿಸುವವರು ಯಾರೂ ಬರಲಿಲ್ಲ.

ಬಳೆಗಳ ಒಳಗನ್ನು ಸಣ್ಣ ತಂತಿಯಿಂದ ಉಜ್ಜಿದೆ. ಗ್ರೀಸ್ ಹಾಕಲಿಲ್ಲ, ಹಿಟ್ಟಿನ ಮನೆಯಲ್ಲಿ ಗ್ರೀಸ್ ಹಾಕಿದರೆ ತಿಂಗಳಲ್ಲಿ ಕಣಕವಾಗುತ್ತದೆ. ಮೇಣದಬತ್ತಿ ಕೇಳಿ ಇಸಿದುಕೊಂಡು ತಿಕ್ಕಿದೆ. ಹಿಡಿಕೆಗೆ ಹಳೆ ಮೊಳೆಯ ಬದಲು ಒಂದು ಬೋಲ್ಟ್ ಹಾಕಿ ನಟ್ ಬಿಗಿದೆ. ಕದಕ್ಕೆ ಏರಿಸಿದೆ. ಸಲಾಕೆ ಬೆರಳಿನಲ್ಲೇ ಸುತ್ತಿತು. ಕದ ಮುಚ್ಚಿ ಹಿಡಿಕೆ ಹಾಕಿದೆ. ಕೆಳಗಿನ ಕೊಕ್ಕೆ ಕೂತಿತು. ಮೇಲಿನದು ಕೀಲಿನ ಪಕ್ಕದಲ್ಲಿ ಸುಮ್ಮನೆ ಸುತ್ತಿ ಹೋಯಿತು. ಒಂದು ಬೆರಳಿನಷ್ಟು ಅಂತರ.

ಬೆಳಿಗ್ಗೆ ಹೊಡೆದ ಮೂರು ಏಟಿಗೆ ಮೇಲಿನ ತುದಿ ಓರೆಯಾಗಿತ್ತು.

ಆ ಹೊತ್ತಿಗೆ ಹೊರಗೆ ಗಾಡಿ ನಿಂತಿತು. ಮಾಲಕರು ಮುಂದೆ, ಮಗ ಹಿಂದೆ, ಇಬ್ಬರ ನಡುವೆ ಅಲ್ಯೂಮಿನಿಯಂ ಫ್ರೇಮ್.

"ಇನ್ನೂ ಕಿತ್ತಿಲ್ಲೇನಲೇ?" ಮಾಲಕರು ಬಾಗಿಲಲ್ಲೇ ಶುರು ಮಾಡಿದರು. "ಮುಂಜಾನಿಂದ ಏನ ಮಾಡಿದಿ? ರೊಟ್ಟಿ ತಿಂದ್ಯಾ?"

ಹೇಳಿದೆ. ಸಲಾಕೆ ಸುತ್ತುತ್ತದೆ ಎಂದೆ, ಬಣ್ಣದಿಂದ ಹಿಡಿದಿತ್ತು ಎಂದೆ, ನಾನು ಹೊಡೆದದ್ದರಿಂದ ಮೇಲಿನ ಕೊಕ್ಕೆ ತಪ್ಪುತ್ತಿದೆ ಎಂದೂ ಹೇಳಿದೆ. ಮಗನಿಗೆ ಇದೆಲ್ಲ ಬೇಕಿರಲಿಲ್ಲ.

"ಯವ್ವಾ, ಫ್ರೇಮ್ ಬಂದೈತಿ, ಸುಮ್ನ ಕೂಡಸೋಣು. ಈ ಜಂಗ ಹಿಡದಿದ್ದನ್ನ ಇಟಗೊಂಡ ಏನ ಮಾಡ್ತಿ ಬೇ?"

"ಜಂಗ ಅಲ್ಲಲೇ, ನಿನ್ನ ಲಗ್ನದ ಬಣ್ಣ" ಎಂದರು ಅಕ್ಕ.

ಮಾಲಕರು ಫ್ರೇಮ್ ಕೆಳಗಿಟ್ಟು ಕಿಟಕಿಯ ಹತ್ತಿರ ಹೋದರು. ಹಿಡಿಕೆ ತಿರುಗಿಸಿದರು. ಮೇಲೆ ನೋಡಿದರು. ಮತ್ತೆ ತಿರುಗಿಸಿದರು. ಬೈಯುವುದನ್ನು ಮರೆತಿದ್ದರು.

"ಎರಡೂ ಕೂಡೇ ಸುತ್ತತಾವಲ್ಲಲೇ" ಎಂದರು.

"ಹೂನ್ರಿ. ಸಳಿ ತುದಿ ಕಾಸಿ ನೆಟ್ಟಗ ಮಾಡೂನ್ರೇನು?"

"ಹಳೇ ಕಬ್ಬಿಣ, ಕಟಕ್ಕನ ಮುರದೀತು. ಸಳಿ ಮುಟ್ಟಬ್ಯಾಡ. ಅದು ಎಲ್ಲಿ ಬರತೈತೋ ಅಲ್ಲಿ ಕೀಲ ಸರಸು."

ಇದು ನನಗೆ ಹೊಳೆದಿರಲಿಲ್ಲ. ಮಾಲಕರೇ ಸ್ಟೂಲ್ ಹತ್ತಿ ಚೌಕಟ್ಟಿನ ಮೇಲಿನ ಕೀಲು ಬಿಚ್ಚಿದರು, ಕೊಕ್ಕೆಗೆ ಸುಣ್ಣ ಹಚ್ಚಿ ತಿರುಗಿಸಿ, ಗುರುತು ಬಿದ್ದ ಕಡೆ ತೂತು ಕೊರೆದು ಕೂರಿಸಿದರು. ಕೆಳಗಿಳಿದು ಅಕ್ಕನಿಗೆ, "ಬರ್ರಿ, ನೀವ ಹಾಕ್ರಿ" ಎಂದರು.

ಅಕ್ಕ ಎಡಗೈಯಲ್ಲಿ ಎಡಗಡೆಯ ಕದ ದೂಡಿದರು. ಬಲಗಡೆಯದು ದೂಡಿದರು. ಹಿಡಿಕೆ ತಿರುಗಿಸಿದರು. ಮೇಲೆ ಒಂದು ಸಣ್ಣ ಟಕ್, ಕೆಳಗೆ ಒಂದು ಟಕ್. ಬಲಗೈ ಪಕ್ಕದಲ್ಲಿ ಇಳಿಬಿದ್ದೇ ಇತ್ತು. ಮಗ ಹೋಗಿ ಕದ ಜಗ್ಗಿದ. ಬರಲಿಲ್ಲ. ಅಂಗೈಯಿಂದ ಬಡಿದ. ಅಲ್ಲಾಡಲಿಲ್ಲ.

"ತೆರಿ ಬೇ" ಎಂದ.

ತೆರೆದರು.

"ಹಾಕು."

ಹಾಕಿದರು.

"ಏನ ಪರೀಕ್ಷಾ ಹಚ್ಚೀಯಲೇ?" ಎಂದು ಅಕ್ಕ ರೇಗಿದರು. "ನಾಳೆ ಬಾಜೂ ಮನಿ ಹುಡಿಗೀನ್ನ ಕೇಳು, ಕರದ್ನೋ ಇಲ್ಲೋ ಅಂತ."

ಮಗ ಮಾಲಕರ ಮುಖ ನೋಡಿದ. ಮಾಲಕರು ಫ್ರೇಮ್ ನೋಡಿದರು.

"ಬಿಜ್ಜರಗಿ ಊರಾಗ ಒಂದ ಮನಿ ಕಟ್ಟಾಕತ್ತಾರ, ಅವರ ಗ್ವಾಡಿ ಇನ್ನೂ ಎದ್ದಿಲ್ಲ. ಈ ಫ್ರೇಮಿನ ಅಳತೀಲೆ ಜಾಗಾ ಬಿಡ್ರಿ ಅಂತೇನಿ" ಎಂದರು. ನನಗೆ, "ಎತ್ತಲೇ" ಎಂದರು.

ಎತ್ತಿದೆ. ಫ್ರೇಮ್ ಗಾಡಿಗೆ ಹೋಯಿತು, ಕಿಟಕಿ ಗೋಡೆಯಲ್ಲೇ ಉಳಿಯಿತು. ಅಕ್ಕ ಇವತ್ತಿಗೂ ರೊಟ್ಟಿ ಮಾಡುತ್ತಾರೆ. ನಾನು ಹೇಳಬೇಕಾದದ್ದು ಇಷ್ಟೇ, ಇನ್ನೇನೂ ಇಲ್ಲ.