ಇಬ್ಬರಿಗಷ್ಟೇ ರೊಟ್ಟಿ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಗೂ ದಾನಮ್ಮನ ಮನೆಗೂ ನಡುವೆ ಒಂದೇ ಗೋಡೆ. ಬೆಳಗ್ಗೆ ಅವಳು ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರ. ಸಾಲಿಯ ಟೀಚರಾದ ನನಗೆ ರಜೆಯ ದಿನವಾದರೂ ಸ್ವಲ್ಪ ಹೊತ್ತು ಮಲಗುವ ಆಸೆ ಇರುತ್ತದೆ, ಆದರೆ ಆ ತಟಪಟ ಸದ್ದು ಬಿಡಬೇಕಲ್ಲ. ಸುಮಾರು ಸಲ ಬೈದುಕೊಂಡಿದ್ದೇನೆ. ಒಂದು ದಿನ ಆ ಸದ್ದು ಶುರುವಾದಷ್ಟೇ ಬೇಗ ನಿಂತುಹೋದಾಗ ಮಾತ್ರ ಏನೋ ಕಳೆದುಕೊಂಡಂತಾಯಿತು.

ದಾನಮ್ಮ ಹುಟ್ಟಿದ್ದು ಕುರಿಗಾರರ ಮನೆಯಲ್ಲಿ, ಬೀರಪ್ಪ ದೇವರ ಒಕ್ಕಲು. ತಾಯಿ ಬೇಗ ಹೋದಳು. ಅಕ್ಕ ತಾಯವ್ವನೇ ಅವಳನ್ನು ಎತ್ತಿ ಆಡಿಸಿ, ಒಲೆಯ ಮುಂದೆ ಕೂರಿಸಿಕೊಂಡು ಹಿಟ್ಟು ನಾದುವುದನ್ನು ಕಲಿಸಿದಳು. ಕುರಿ ಕಾಯುವವರು ಯಾವ ಹೊತ್ತಿಗೆ ಯಾರ ಜೊತೆ ಬರುತ್ತಾರೋ ಹೇಳುವಂತಿರಲಿಲ್ಲ. ಹೀಗಾಗಿ ಆ ಮನೆಯಲ್ಲಿ ಎಣಿಸಿ ರೊಟ್ಟಿ ಮಾಡಿದವರೇ ಇಲ್ಲ. ಬುಟ್ಟಿ ತುಂಬಬೇಕು, ಅಷ್ಟೇ. ತಾಯವ್ವನನ್ನು ಬೇವೂರಿಗೆ ಕೊಟ್ಟರು, ದಾನಮ್ಮನನ್ನು ಬಾಗಲಕೋಟೆಗೆ. ಗಂಡ ಮಾಳಿಂಗರಾಯ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಮಾತು ಕಡಿಮೆ, ಬಾಯಿಗೆ ಬಂದರೆ ನೇರವಾಗಿ ಬರುತ್ತದೆ. ಇದ್ದೊಬ್ಬ ಮಗಳು ಮದುವೆಯಾಗಿ ಇಳಕಲ್ಲಿಗೆ ಹೋದ ಮೇಲೂ ದಾನಮ್ಮನ ಕೈ ಮಾತ್ರ ತುಂಬಿದ ಮನೆಯ ಕೈಯಾಗಿಯೇ ಉಳಿಯಿತು.

ಕಿರಾಣಿ ಅಂಗಡಿಯ ಜಾಫರಸಾಬರು ಒಂದು ದಿನ ಸಾಮಾನು ಕಟ್ಟುತ್ತ ತಮಾಷೆ ಮಾಡಿದರು: "ದಾನಮ್ಮಾರ, ಇಬ್ಬರಿಗೆ ಇಷ್ಟ ಎಣ್ಣಿ, ಇಷ್ಟ ಬ್ಯಾಳಿ? ಮನ್ಯಾಗ ಯಾರದರ ಲಗ್ನ ಐತೇನ್ರಿ?"

ಅಲ್ಲಿದ್ದವರು ನಕ್ಕರು. ದಾನಮ್ಮನೂ ನಕ್ಕಳು, ಆದರೆ ಆ ಮಾತು ಒಳಗೆ ನಾಟಿತು. ಆಗ ಮಾಳಿಂಗರಾಯನಿಗೆ ಬಾಡಿಗೆಯೂ ಸರಿಯಾಗಿ ಸಿಗುತ್ತಿರಲಿಲ್ಲ. ಕಿರಾಣಿಯ ಖರ್ಚು ಅರ್ಧಕ್ಕೆ ಇಳಿಸಿಯೇ ತೀರುತ್ತೇನೆ ಎಂದು ಅವಳು ಸೆರಗು ಸಿಕ್ಕಿಸಿ ನಿಂತಳು.

ಇಳಿಸಿದಳು, ಸುಳ್ಳು ಹೇಳಬಾರದು. ಸುಗ್ಗಿಯಲ್ಲೇ ಜೋಳ ತಂದು ಬೇವಿನ ಸೊಪ್ಪು ಹಾಕಿ ಡಬ್ಬಿ ತುಂಬಿದಳು. ಪ್ಯಾಕೆಟ್ ಮಸಾಲೆ ಬಿಟ್ಟು ಮನೆಯಲ್ಲೇ ಖಾರ ಕುಟ್ಟಿದಳು. ಸಂತೆಗೆ ಸಂಜೆ ಹೊತ್ತಿಗೆ, ಕಾಯಿಪಲ್ಲೆಯವರು ಗಂಟು ಕಟ್ಟುವ ಸಮಯ ನೋಡಿ ಹೋಗತೊಡಗಿದಳು. ಎಣ್ಣೆಗೊಂದು ಚಿಕ್ಕ ಸೌಟು, ಹಿಟ್ಟಿಗೊಂದು ಬಟ್ಟಲು ಗೊತ್ತು ಮಾಡಿದಳು. ಬೆಳಗ್ಗೆ ಗಂಡನ ಬುತ್ತಿಗೆ ಎರಡು, ತನಗೆ ಎರಡು, ರಾತ್ರಿಗೆ ಬೇರೆ ಬಿಸಿ. ರೊಟ್ಟಿಬುಟ್ಟಿಯನ್ನು ತೊಳೆದು ಅಟ್ಟಕ್ಕೆ ಹಾಕಿ, ಒಂದು ಸಣ್ಣ ಡಬ್ಬಿ ತಂದಳು.

"ಒಂದ ಚೂರ ಒಣಗಂಗಿಲ್ಲ, ಒಂದ ಚೂರ ಚೆಲ್ಲಂಗಿಲ್ಲರಿ ಅಕ್ಕೋರ. ಇಷ್ಟ ದಿನ ಏನ ಮಾಡಾಕತ್ತಿದ್ನೋ ನಾ," ಎಂದು ಗೋಡೆಯಾಚೆಯಿಂದ ನನಗೆ ಪಾಠ ಹೇಳುತ್ತಿದ್ದಳು. ಉಳಿತಾಯದ ಮೇಲೆ ಭಾಷಣ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಯಾಕೆಂದರೆ ನನ್ನ ಕೈಲಿ ಅದು ಆಗುವುದಿಲ್ಲ. ಆದರೂ ಅವಳ ಖುಷಿ ನೋಡಿ ಸುಮ್ಮನಿದ್ದೆ.

ತಾಯವ್ವ ಬಿಪಿ ಗುಳಿಗೆಗೆಂದು ತಿಂಗಳಿಗೊಮ್ಮೆ ಬಾಗಲಕೋಟೆಯ ದವಾಖಾನೆಗೆ ಬರುತ್ತಾಳೆ. ಗುಳಿಗೆ ನೆಪ, ತಂಗಿಯ ಮನೆಗೆ ಬರುವುದೇ ಅವಳ ಕೆಲಸ. ಸಣ್ಣ ಡಬ್ಬಿ ಬಂದ ಮೇಲೆ ಒಂದು ದಿನ, ಬಿಸಿಲು ನೆತ್ತಿಗೇರಿದ ಹೊತ್ತಿಗೆ, ಪುಂಡಿಪಲ್ಲೆ ಸೊಪ್ಪಿನ ಗಂಟು ಹಿಡಿದು ಬಂದಳು. ನಾನು ಹೊರಗೆ ಬಟ್ಟೆ ಒಣಹಾಕುತ್ತಿದ್ದೆ. ಬಾಗಿಲು ತೆರೆದೇ ಇತ್ತು, ಮಾತು ಕೇಳಿಸಿತು.

"ಊಟ ಆತೇನಕ್ಕಾ?"

"ಆಗೇತಿ ಬಿಡವಾ."

ನಮ್ಮ ಕಡೆ ಈ "ಆಗೇತಿ"ಯನ್ನು ಯಾರೂ ನಂಬುವುದಿಲ್ಲ. ಹಸಿದು ಸಾಯುತ್ತಿದ್ದರೂ ಬಂದವರು ಮೊದಲು ಹೇಳುವುದು ಅದನ್ನೇ. "ಏನ ಆಗೇತಿ, ಏಳು, ಕೈ ತೊಳಿ" ಎಂದು ಮನೆಯವರು ಇನ್ನೊಮ್ಮೆ ಅನ್ನಬೇಕು, ಮತ್ತೊಮ್ಮೆ ಅನ್ನಬೇಕು, ಕೊನೆಗೆ ರಟ್ಟೆ ಹಿಡಿದು ಎಬ್ಬಿಸಬೇಕು. ಆಮೇಲೇ ಬಂದವರು "ಒಂದರ್ಧ ರೊಟ್ಟಿ" ಎಂದು ಕೂತು ಹೊಟ್ಟೆ ತುಂಬ ಉಣ್ಣುತ್ತಾರೆ. ಇದು ಚಿಕ್ಕ ಮಕ್ಕಳಿಗೂ ಗೊತ್ತು.

ಆದರೆ ದಾನಮ್ಮ ಎರಡನೆಯ ಸಲ ಕೇಳಲಿಲ್ಲ. "ಹಂಗಾರ ಚಾ ಕುಡಿ," ಎಂದಳು.

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ತಾಯವ್ವ ಚಹಾ ಕುಡಿದಳು, ಪಲ್ಲೆಯ ಗಂಟು ಬಿಚ್ಚಿಟ್ಟಳು, ಬಸ್ಸು ಇದೆ ಎಂದು ಎದ್ದಳು. ನನ್ನನ್ನು ನೋಡಿ ನಕ್ಕು ಹೋದಳು.

ಸಂಜೆ ಮಾಳಿಂಗರಾಯ ಆಟೋ ನಿಲ್ಲಿಸಿ ಹೊಸ್ತಿಲಲ್ಲೇ ಕೇಳಿದ: "ನಿಮ್ಮಕ್ಕ ಮನಿಗೆ ಬಂದಿರಲಿಲ್ಲೇನ? ಬಸ್ ಸ್ಟ್ಯಾಂಡಿನ್ಯಾಗ ಕುಂತು ಚಾದಾಗ ಬ್ರೆಡ್ ಅದ್ದಿ ತಿನ್ನಾಕತ್ತಿದ್ಲು."

"ಬಂದಿದ್ಲು."

"ಮತ್ತ ಊಟಾ?"

"ಕೇಳಿದ್ನಿ. ಆಗೇತಿ ಅಂದ್ಲು."

"ಎಷ್ಟ ಸಲ ಕೇಳಿದಿ?"

ದಾನಮ್ಮ ಎದ್ದು ಒಳಗೆ ಹೋದಳು. ಅವನು ಕೈಕಾಲು ತೊಳೆದು ಟಿವಿ ಮುಂದೆ ಕೂತ.

ಮುಂದಿನ ತಿಂಗಳು ತಾಯವ್ವ ಬರಲಿಲ್ಲ. ದಾನಮ್ಮ ಫೋನು ಮಾಡಿದಳು. ಗುಳಿಗೆ ಊರಲ್ಲೇ ಸಿಗುತ್ತಿವೆ, ಬಿಸಿಲಲ್ಲಿ ಯಾಕೆ ಅಲೆಯುವುದು ಎಂದಳಂತೆ ತಾಯವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು, ಜಗಳವಾಡಿ ಮುಗಿಸಬಹುದಿತ್ತು. ದಾನಮ್ಮ ಅಟ್ಟದ ಮೇಲಿನ ಬುಟ್ಟಿ ಇಳಿಸಿ ಮತ್ತೆ ತುಂಬ ರೊಟ್ಟಿ ಬಡಿದಳು. ಉಣ್ಣುವವರಿಲ್ಲದೆ ಅವು ಒಣಗಿದವು. ನಮ್ಮ ಮನೆಗೂ ನಾಲ್ಕು ಬಂದವು.

ರೊಟ್ಟಿ ಕೊಡಲು ಬಂದವಳು ನಮ್ಮ ಅಡುಗೆಮನೆಯಲ್ಲೇ ಕೂತುಬಿಟ್ಟಳು.

"ಡಬ್ಬ್ಯಾಗ ಎರಡ ರೊಟ್ಟಿ ಇದ್ದುವರಿ ಅಕ್ಕೋರ. ಅಕ್ಕಗ ಹಾಕಿ ನಾ ಉಪಾಸ ಇರಬಹುದಿತ್ತು, ಇನ್ನೆರಡ ಬಡಿಬಹುದಿತ್ತು. ಅದಲ್ಲ ಮಾತು. ಆಕಿ ಆಗೇತಿ ಅಂದ ಕೂಡ್ಲೆ ನನ್ನ ಎದಿ ಹಗುರಾತು. ರೊಟ್ಟಿ ಉಳೀತು ಅನಿಸ್ತು. ನನ್ನ ಎತ್ತಿ ಬೆಳಸಿದಾಕಿ ಬಂದ್ರ ನನಗ ಹಂಗ ಅನಿಸ್ತಲ್ಲ, ಅದು ಸುಡಾಕತ್ತೈತಿ."

ಖರ್ಚು ಕಡಿಮೆ ಮಾಡುವುದು ತಪ್ಪಲ್ಲ. ಎಣ್ಣೆ ಅಳೆಯಬಹುದು, ಬೇಳೆ ಅಳೆಯಬಹುದು. ಅಳೆದು ಅಳೆದು ಕೈಗೆ ರೂಢಿಯಾದ ಮೇಲೆ ಅದು ಎಲ್ಲಿಗೆ ನಿಲ್ಲಬೇಕು ಎನ್ನುವುದನ್ನು ಯಾರೂ ಕಲಿಸಿಕೊಡುವುದಿಲ್ಲ. ದಾನಮ್ಮ ಜಿಪುಣಿಯಲ್ಲ, ನಾನು ಆಣೆ ಮಾಡಿ ಹೇಳಬಲ್ಲೆ. ಅದಕ್ಕೇ ಅವಳನ್ನು ನೋಡಿ ನನಗೆ ಅಷ್ಟು ಸಂಕಟವಾಯಿತು.

ಭಾನುವಾರ ಅವಳು ಬೇವೂರಿಗೆ ಹೊರಟಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಹೊರಡಿಸಿದಳು. ಬೆಳಗ್ಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ, ಸೇರುತ್ತಿಲ್ಲ ಎಂದಳು. ಬಸ್ಸಿನಲ್ಲಿ ಊರು ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ತಾಯವ್ವ ಕಂಬಳಿ ಹಾಸಿದಳು, ನೀರು ಕೊಟ್ಟಳು, ನನ್ನ ಸಾಲಿಯ ಬಗ್ಗೆ, ಮಾಳಿಂಗರಾಯನ ಬಗ್ಗೆ ವಿಚಾರಿಸಿದಳು. ಎಲ್ಲ ಸರಿಯಾಗಿಯೇ ಇತ್ತು, ಬೀಗರು ಬಂದಾಗ ಇರುವಷ್ಟು ಸರಿ. ಕೊನೆಗೆ ಕೇಳಿದಳು: "ಊಟ ಆತೇನ್ರವಾ?"

"ಆಗೇತಕ್ಕಾ," ಎಂದಳು ದಾನಮ್ಮ. ಹುಟ್ಟಿದಾಗಿನಿಂದ ಬಂದ ರೂಢಿ, ನಾಲಿಗೆ ತಾನಾಗಿಯೇ ಹೊರಳಿತು.

"ಹಂಗಾರ ಚಾ ಇಡತೇನಿ," ಎಂದು ತಾಯವ್ವ ಎದ್ದಳು.

ದಾನಮ್ಮನ ಮುಖ ನೋಡುವಂತಿರಲಿಲ್ಲ. ತಾಯವ್ವ ಬೇಕೆಂದು ಹಾಗೆ ಮಾಡಿದಳೋ, ತಂಗಿಯ ಮನೆಯ ರೀತಿ ಈಗ ಹೀಗೆ ಎಂದು ಒಪ್ಪಿಕೊಂಡುಬಿಟ್ಟಿದ್ದಳೋ, ನನಗೆ ಇಂದಿಗೂ ಗೊತ್ತಿಲ್ಲ. ಅವಳು ಒಲೆಯ ಹತ್ತಿರ ಹೋಗಿ ಚಹಾಪುಡಿಯ ಡಬ್ಬಿಗೆ ಕೈ ಹಾಕಿದಳು.

"ಇಲ್ಲಕ್ಕಾ," ಎಂದಳು ದಾನಮ್ಮ. "ಉಂಡಿಲ್ಲ ನಾ. ಭಾಳ ಹಸದೇನಿ. ರೊಟ್ಟಿ ಕೊಡು."

ನಮ್ಮ ಕಡೆ ಯಾರ ಮನೆಯಲ್ಲೂ, ಯಾರೂ ಹೀಗೆ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡಿರಲಿಲ್ಲ.

ತಾಯವ್ವ ತಿರುಗಲಿಲ್ಲ. ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಹಾಕಿದಳು.

"ಅವತ್ತ ನಾನೂ ಉಂಡಿರಲಿಲ್ಲವ್ವ," ಎಂದು ರೊಟ್ಟಿ ಬುಟ್ಟಿ ತರಲು ಒಳಗೆ ಹೋದಳು.