ಕೆಲಸಕ್ಕೂ ಆಟಕ್ಕೂ ಒಂದೇ ಮೌಸು

ಕಳೆದ ಹತ್ತು ಹನ್ನೆರಡು ದಿನಗಳಿಂದ ನನ್ನ ಬಾಯಿ ಸರಿಯಾಗಿ ಮುಚ್ಚುತ್ತಿಲ್ಲ. ದವಡೆಗೆ ಏನೂ ಆಗಿಲ್ಲ, ಹಲ್ಲಿನ ಡಾಕ್ಟರನ್ನು ಕಾಣುವ ಅಗತ್ಯವೂ ಇಲ್ಲ. ಕಂಪ್ಯೂಟರಿಗೆ ಒಂದು ವಯರಿಲ್ಲದ ಮೌಸು ಆರಿಸಲು ಹೊರಟೆ, ಅಷ್ಟೆ. ಮುಷ್ಟಿಯೊಳಗೆ ಅಡಗುವ ಒಂದು ಸಾಮಾನು ಮನುಷ್ಯನನ್ನು ಇಷ್ಟು ಸಲ ಬೆಚ್ಚಿಬೀಳಿಸುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ಅವರದೇ ದನಿಯಲ್ಲಿ ಅವರಿಗೆ ಉತ್ತರ ಕೊಟ್ಟು ನಗಿಸಿ ಕಳುಹಿಸುತ್ತಿದ್ದೆ.

ಅದು ನನ್ನ ಚಾಳಿ. ಒಬ್ಬರ ಮಾತನ್ನು ನಾಲ್ಕು ದಿನ ಕೇಳಿದರೆ ಐದನೆಯ ದಿನ ಅವರ ದನಿ ನನ್ನ ಗಂಟಲಿನಿಂದ ಹೊರಡುತ್ತದೆ. ಬೆಳ್ತಂಗಡಿಯಿಂದ ನಾನು ದಿನವೂ ಹತ್ತುವ ಬಸ್ಸಿನ ಕಂಡಕ್ಟರು ಊರುಗಳ ಹೆಸರನ್ನೆಲ್ಲ ಮೂಗಿನಲ್ಲೇ ಮುಗಿಸುವುದು ನನಗೆ ಬರುತ್ತದೆ. ನನ್ನ ಅಮ್ಮ ಫೋನಿನಲ್ಲಿ ದೂರಕ್ಕೆ ತಕ್ಕಂತೆ ದನಿ ಏರಿಸುವುದು ಬರುತ್ತದೆ. ವೇಣೂರಿನ ಚಿಕ್ಕಮ್ಮನಿಗೆ ಪಿಸುಮಾತು, ಮುಂಬೈಯ ಮಾವನಿಗೆ ನೆರೆಮನೆಯವರು ಎದ್ದು ನೋಡುವಷ್ಟು. ಎಲ್ಲಕ್ಕಿಂತ ಚೆನ್ನಾಗಿ ಬರುವುದು ನಮ್ಮ ಯಜಮಾನರಾದ ವಸಂತಣ್ಣನ ದನಿ. ಬಂಟ್ವಾಳ ಪೇಟೆಯಲ್ಲಿ ಅವರಿಗೊಂದು ಮುದ್ರಣದ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ ಎಲ್ಲದರ ಆಮಂತ್ರಣದ ಕಾಗದಗಳನ್ನೂ ಅಲ್ಲಿ ಕಂಪ್ಯೂಟರಿನಲ್ಲಿ ಜೋಡಿಸುವವನು ನಾನು. ವಸಂತಣ್ಣ ಅಚ್ಚಿನ ಮನುಷ್ಯ. ಮಾತಾಡುವಾಗಲೂ ಒಂದು ಪದವನ್ನು ಅಚ್ಚುಹಾಕಿ, ಶಾಯಿ ಒಣಗಿದ ಮೇಲೆಯೇ ಮುಂದಿನದನ್ನು ಹೊರಬಿಡುತ್ತಾರೆ. ಅಣಕಿಸುವವನಿಗೆ ಇದಕ್ಕಿಂತ ಒಳ್ಳೆಯ ಯಜಮಾನರು ಸಿಗಲಾರರು. ಮುಂದಿನ ಪದ ಬರುವ ಮೊದಲು ಹಿಂದಿನದನ್ನು ಅಭ್ಯಾಸ ಮಾಡಿ ಮುಗಿಸಬಹುದು.

ತೊಂದರೆ ಶುರುವಾದದ್ದು ಒಂದು ಗೃಹಪ್ರವೇಶದ ಕಾಗದದಿಂದ. 'ಮಧ್ಯಾಹ್ನ 12.30ಕ್ಕೆ ಭೋಜನ' ಎಂಬ ಸಾಲು ಒಂದರ ಕೆಳಗೊಂದು ಎರಡು ಸಲ ಅಚ್ಚಾಗಿಬಿಟ್ಟಿತು. ಬಂದವರು ಎರಡು ಪಂಕ್ತಿಯಲ್ಲೂ ಕೂರಲಿ ಎಂಬುದು ಮನೆಯವರ ಔದಾರ್ಯವಿರಬೇಕೆಂದು ಊರು ತಿಳಿದುಕೊಂಡಿತು, ನಾನು ಬಚಾವಾದೆ. ಎರಡನೆಯದು ಸಿದ್ಧಕಟ್ಟೆಯ ಜನಾರ್ದನಣ್ಣನ ಮಗಳ ಮದುವೆ ಕಾಗದ. ಅದರಲ್ಲಿ ಮದುಮಗ ಎರಡು ಸಲ ಬಂದಿದ್ದ. ಮೇಲೊಬ್ಬ ಚಿ. ರಾ. ಪ್ರಶಾಂತ, ಕೆಳಗೊಬ್ಬ ಚಿ. ರಾ. ಪ್ರಶಾಂತ, ನಡುವೆ ಯಾವ ಸಂಕೋಚವೂ ಇಲ್ಲ. ನಾನೂರು ಪ್ರತಿಯಲ್ಲೂ ಹಾಗೆಯೇ.

ಜನಾರ್ದನಣ್ಣ ಕಾಗದವನ್ನು ಮೇಜಿನ ಮೇಲಿಟ್ಟು ಬಹಳ ಮೆತ್ತಗೆ ಕೇಳಿದರು. "ಒಬ್ಬನನ್ನು ಹುಡುಕುವಾಗಲೇ ನನಗೆ ಮೂರು ವರ್ಷ ಹೋಯ್ತು ವಸಂತಣ್ಣ. ಇನ್ನೊಬ್ಬನನ್ನು ನೀವೇ ನೋಡಿ ಕೊಟ್ರಾ?"

ವಸಂತಣ್ಣ ಮುಂದಿನ ಗುರುವಾರದೊಳಗೆ ಹೊಸ ಕಾಗದ ಕೊಡುವುದಾಗಿ ಹೇಳಿ ಅವರನ್ನು ಕಳುಹಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಸುಧೀರ, ಇದರಲ್ಲಿಯೂ ತಪ್ಪಿದರೆ, ಮತ್ತೆ ನಾವು ನೋಡುವ" ಎಂದರು.

ಘಟ್ಟದ ಮೇಲಿನವರಿಗೆ ಈ ವಾಕ್ಯದಲ್ಲಿ ಹೆದರುವಂಥದ್ದು ಏನಿದೆ ಎಂದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ 'ನೋಡುವ' ಎಂದರೆ ನೋಡೋಣ ಎಂದರ್ಥ. ನೋಡೋಣ ಎಂದರೆ ಮುಗಿಯಿತು ಎಂದರ್ಥ. ಹುಡುಗಿಯ ಜಾತಕ ತಂದವರಿಗೆ 'ನೋಡುವ' ಎಂದರೆ ಅವರು ಬಸ್‌ಸ್ಟ್ಯಾಂಡಿಗೆ ಹೋಗಿ ಮುಂದಿನ ಮನೆಯ ದಾರಿ ಕೇಳುತ್ತಾರೆ. ನನ್ನ ಕೆಲಸಕ್ಕೂ ಈಗ 'ನೋಡುವ' ಬಂದಿತ್ತು.

ವ್ಯಾಕರಣದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ, ಈ 'ವ' ಪ್ರತ್ಯಯ ನನಗೆ ಇನ್ನೊಂದು ಕಡೆಯೂ ಕೈಕೊಟ್ಟಿದೆ. ಮಧ್ಯಾಹ್ನ ವಸಂತಣ್ಣ ಊಟಕ್ಕೆಂದು ಮನೆಗೆ ಹೋದರೆ ಬರುವುದು ಮೂರು ಗಂಟೆಗೆ. ಆ ಹೊತ್ತಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ನಾನೊಬ್ಬ ಸೈನಿಕ. ನಾಲ್ವರ ತಂಡ, ಕಿವಿಗೆ ಹೆಡ್‌ಫೋನು, ಎದುರು ಶತ್ರುಗಳು. ತಂಡದಲ್ಲಿ ಒಬ್ಬ ಬೆಂಗಳೂರಿನವನು. ಒಂದು ದಿನ ನಾನು ಅವಸರದಲ್ಲಿ "ಬಲಕ್ಕೆ ಹೋಗುವ" ಎಂದೆ. ಅವನು ನಿಂತಲ್ಲೇ ನಿಂತ. ಪಾಪ, ಅವನ ಕನ್ನಡದಲ್ಲಿ 'ಹೋಗುವ' ಎಂದರೆ ಮುಂದೆ ಒಂದು ನಾಮಪದ ಬರಬೇಕು. ಹೋಗುವ ಬಸ್ಸು, ಹೋಗುವ ದಾರಿ, ಹೋಗುವ ಪ್ರಾಣ. ಅವನು ಆ ನಾಮಪದಕ್ಕೆ ಕಾದ. ಗುಂಡು ಮೊದಲು ಬಂತು.

ಆದರೆ ಆಟದಲ್ಲಿ ಸೋತದ್ದಕ್ಕೂ, ಮದುಮಗ ಎರಡಾದದ್ದಕ್ಕೂ ನಾನು ಕಂಡುಕೊಂಡ ಕಾರಣ ಒಂದೇ. ಮೌಸು. ಹೆಸರು ಅಂಟಿಸುವ 'ಪೇಸ್ಟ್' ಗುಂಡಿಯ ಮೇಲೆ ಒಂದು ಸಲ ಒತ್ತಿದರೆ ಅದು ಎರಡು ಸಲ ಒತ್ತಿಕೊಳ್ಳುತ್ತದೆ. ಹಳೆಯ ಮೌಸುಗಳಿಗೆ ಈ ಕಾಯಿಲೆ ಬರುವುದುಂಟು ಎಂದು ತಂಡದವರೂ ಹೇಳಿದರು. ನನ್ನ ಕೆಲಸ ಉಳಿಯಬೇಕಾದರೆ ಗುರುವಾರದೊಳಗೆ ಒಂದು ಹೊಸ ಮೌಸು ಬೇಕು. ಹೇಗೂ ತರುವುದಾದರೆ ವಯರಿಲ್ಲದ್ದಾಗಲಿ. ಹೇಗೂ ವಯರಿಲ್ಲದ್ದಾದರೆ ಮಧ್ಯಾಹ್ನದ ಯುದ್ಧಕ್ಕೂ ಆಗುವಂಥದ್ದಾಗಲಿ. ಮನುಷ್ಯನ ಆಸೆ ಈ 'ಹೇಗೂ' ಎಂಬ ಮೆಟ್ಟಿಲಿನಿಂದಲೇ ಮೇಲೇರುವುದು.

ಭಾನುವಾರ ಹಳೆಯ ಮೌಸನ್ನು ಕಿಸೆಯಲ್ಲಿಟ್ಟುಕೊಂಡು ಮೂಡುಬಿದಿರೆಗೆ ಹೋದೆ. ಅಲ್ಲಿ ಪ್ರಭುಗಳ ಕಂಪ್ಯೂಟರ್ ಅಂಗಡಿ. ಪ್ರಭುಗಳು ವಸಂತಣ್ಣನಿಗೂ ಹಳೆಯ ಪರಿಚಯ. ಮೌಸು ಬೇಕೆಂದೆ. ಅವರು ಮೊದಲು "ಕೈ ತೋರಿಸಿ" ಎಂದರು. ಜ್ಯೋತಿಷ್ಯ ಕೇಳಲು ಬಂದವನಂತೆ ಅಂಗೈ ಚಾಚಿದೆ. ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ ಸ್ಕೇಲು ಇಟ್ಟು ನೋಡಿ, "ಸಣ್ಣ ಕೈ" ಎಂದು ತೀರ್ಪು ಕೊಟ್ಟರು. ಇಪ್ಪತ್ತಾರು ವರ್ಷ ಈ ಕೈಯನ್ನು ಹೊತ್ತು ತಿರುಗಿದ್ದೇನೆ, ಇದು ಸಣ್ಣದೆಂದು ಒಬ್ಬರೂ ಹೇಳಿರಲಿಲ್ಲ. ಅದು ಮೊದಲ ಆಘಾತ.

"ಕೆಲಸಕ್ಕೋ, ಆಟಕ್ಕೋ?"

"ಎರಡಕ್ಕೂ ಪ್ರಭುಗಳೇ, ಎರಡಕ್ಕೂ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ಉಳುವ ಕೋಣ ಬೇರೆ, ಕಂಬಳದಲ್ಲಿ ಓಡುವ ಕೋಣ ಬೇರೆ. ಬೆಳಿಗ್ಗೆ ಉತ್ತು ಸಂಜೆ ಓಡುವಂಥದ್ದು ಬೇಕು ಅಂತಾದ್ರೆ ಸ್ವಲ್ಪ ಹುಡುಕಬೇಕಾಗ್ತದೆ."

ಹುಡುಕಿದೆವು. ಮೊದಲು ಕೊಟ್ಟದ್ದು ಆಫೀಸಿನದು. ಅಂಗೈ ತುಂಬಿತು, ಒತ್ತಿದರೆ ಸದ್ದೇ ಇಲ್ಲ, ಆದರೆ ತೂಕ ತೆಂಗಿನಕಾಯಿಯ ತಮ್ಮನಂತೆ. ಆಮೇಲೆ ಅಪ್ಪಟ ಆಟದ್ದು. ಮೈಯೆಲ್ಲ ತೂತು, ಒಳಗೆ ಬಣ್ಣ ಬಣ್ಣದ ದೀಪ. ಎತ್ತಿದರೆ ಕೈಯಲ್ಲಿ ಏನೂ ಇಲ್ಲವೆಂದು ಬೆಚ್ಚಿ ಇನ್ನೊಮ್ಮೆ ನೋಡಿಕೊಂಡೆ. ಡಬ್ಬದ ಮೇಲೆ ಇಪ್ಪತ್ತಾರು ಸಾವಿರ ಡಿಪಿಐ ಎಂದಿತ್ತು. ಕೈ ಒಂದಿಷ್ಟು ಸರಿದರೆ ಪರದೆಯ ಬಾಣ ಎಷ್ಟು ದೂರ ಹಾರುತ್ತದೆ ಎನ್ನುವ ಲೆಕ್ಕ ಅದು. ಅಷ್ಟಕ್ಕಿಟ್ಟು ಸರಿಸಿದೆ, ಬಾಣ ಪರದೆಯಿಂದ ಹಾರಿ ಕಾರ್ಕಳ ತಲುಪಿದಂತಾಯಿತು. "ಅಷ್ಟು ಯಾರಿಗೂ ಬೇಡ ಮಾರಾಯ್ರೆ, ಅದು ಡಬ್ಬಕ್ಕೆ ಮಾತ್ರ. ಸಾವಿರದ ಆರುನೂರು ಧಾರಾಳ" ಎಂದರು ಪ್ರಭುಗಳು. ಬ್ಲೂಟೂತ್ ಸಾಕಲ್ಲವೇ ಎಂದೆ. "ಕಾಗದ ಮಾಡಲಿಕ್ಕೆ ಸಾಕು. ಆಟದಲ್ಲಿ ನೀವು ಒತ್ತಿದ್ದನ್ನು ಅದು ಆಲೋಚನೆ ಮಾಡಿ ಹೇಳುವಾಗ ನೀವು ಸತ್ತಿರ್ತೀರಿ. ಮೌಸಿನೊಟ್ಟಿಗೆ ಬರುವ ಈ ಸಣ್ಣ ತುಂಡು ಉಂಟಲ್ಲ, ಇದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಒತ್ತಿದ್ದು ಆಗಲೇ ತಲುಪ್ತದೆ."

ಕೊನೆಗೆ ಒಂದು ಕಪ್ಪು ಮೌಸು ಕೈಗೆ ಬಂತು. ಹಗುರವೂ ಅಲ್ಲ, ಭಾರವೂ ಅಲ್ಲ. ದೀಪವಿಲ್ಲ, ತೂತಿಲ್ಲ. ಹೆಬ್ಬೆರಳು ತಾನಾಗಿ ಹೋಗಿ ಬದಿಯ ಗುಂಡಿಗಳ ಮೇಲೆ ಕುಳಿತುಕೊಂಡಿತು. ಇದೇ ಎಂದುಕೊಂಡು ಬೆಲೆ ಕೇಳಿದೆ. ಪ್ರಭುಗಳು ಹೇಳಿದ ಅಂಕೆ ಮೌಸಿನದೋ, ಅದನ್ನಿಟ್ಟ ಗಾಜಿನ ಕಪಾಟನ್ನೂ ಸೇರಿಸಿಯೋ ಎಂದು ಇನ್ನೊಮ್ಮೆ ಕೇಳಬೇಕಾಯಿತು. ನನ್ನ ಮುಖ ಕಂಡು ಅವರಿಗೆ ಕರುಣೆ ಬಂದಿರಬೇಕು. "ಒಂದು ಕೆಲಸ ಮಾಡುವ. ವಸಂತಣ್ಣ ಫೋನಿನಲ್ಲಿ ಒಂದು ಮಾತು ಹೇಳಲಿ, ಎರಡು ದಿನ ಇಟ್ಟುಕೊಂಡು ನೋಡಿ. ಆಗದಿದ್ರೆ ವಾಪಸು ತನ್ನಿ. ನಿಮ್ಮ ಹಳೆಯದನ್ನು ಇಲ್ಲೇ ಬಿಡಿ, ಎಂತ ಆಗಿದೆ ಅಂತ ನೋಡ್ತೇನೆ."

ಸೋಮವಾರ ಅಂಗಡಿಯ ಇನ್ನೊಂದು ಕಂಪ್ಯೂಟರಿನ ಮೌಸನ್ನು ಕಿತ್ತು ಹಾಕಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅದೂ ಎರಡೆರಡು ಒತ್ತತೊಡಗಿತು. ಮೌಸಿನಿಂದ ಮೌಸಿಗೆ ಸೋಂಕು ಹರಡುತ್ತದೆಂದು ತಿಳಿದು ದಂಗಾಗಿ ಹೋದೆ. ಆ ಹೊತ್ತಿನಲ್ಲಿ ನನಗೆ ಬೇರೆ ಯಾವ ಕಾರಣವೂ ಹೊಳೆಯಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಉಳಿದದ್ದು ವಸಂತಣ್ಣನ ಒಂದು ಮಾತು. ಕೇಳಲು ಧೈರ್ಯವಿಲ್ಲ. ಕೇಳಿದರೆ 'ನೋಡುವ' ಎನ್ನುತ್ತಾರೆ. ಆದರೆ ಅವರ ಮಾತಿಗೆ ಅವರೇ ಯಾಕೆ ಬೇಕು? ಮಂಗಳವಾರ ಬೆಳಿಗ್ಗೆ ಅವರು ಕಾಗದದ ಕಟ್ಟುಗಳನ್ನು ಕೊಡಲು ಪುತ್ತಿಗೆಗೆ ಹೋದರು. ಸ್ಕೂಟರು ತಿರುವು ದಾಟಿದ್ದನ್ನು ನೋಡಿ, ಗಂಟಲು ಸರಿಮಾಡಿಕೊಂಡು ಪ್ರಭುಗಳ ಅಂಗಡಿಗೆ ಫೋನ್ ಮಾಡಬೇಕೆಂದಿದ್ದೆ. ಯಾರೋ ಗಿರಾಕಿ ಬಂದು ಒಂದು ಗಂಟೆ ತಡವಾಯಿತು. ಪುತ್ತಿಗೆಯಿಂದ ಮೂಡುಬಿದಿರೆ ಕೂಗಿದರೆ ಕೇಳುವಷ್ಟು ಹತ್ತಿರ ಎಂಬುದು ಮೂರನೆಯ ಕ್ಲಾಸಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಆಮೇಲೆ ನೆನಪಾಯಿತು.

"ಹಲೋ. ಪ್ರಭುಗಳಾ? ನಾನು. ಬಂಟ್ವಾಳದ. ವಸಂತ" ಎಂದೆ, ಪ್ರತಿ ಪದದ ಶಾಯಿಯನ್ನೂ ಒಣಗಿಸುತ್ತ. "ನಮ್ಮ ಸುಧೀರನಿಗೆ. ಆ ಕಪ್ಪು ಮೌಸನ್ನು. ಎರಡು ದಿನದ ಮಟ್ಟಿಗೆ. ಕೊಡಿ." ಅಲ್ಲಿಗೆ ನಿಲ್ಲಿಸಬೇಕಿತ್ತು. ವೇಷ ಕಟ್ಟಿದವನಿಗೆ ರಂಗ ಬಿಡಲು ಮನಸ್ಸಾಗಲಿಲ್ಲ. "ಹುಡುಗ ಒಳ್ಳೆಯವನು. ಬುದ್ಧಿವಂತ."

"ಹೌದಾ?" ಎಂದರು ಪ್ರಭುಗಳು. "ಒಂದು ನಿಮಿಷ. ವಸಂತಣ್ಣ ಇಲ್ಲೇ ಕೂತಿದ್ದಾರೆ, ಅವರ ಹತ್ತಿರವೇ ಹೇಳಿ."

ಫೋನು ಕೈಬದಲಾದ ಸದ್ದು ಕೇಳಿತು. ಬೈಗುಳಕ್ಕೆ ಮೈ ಗಟ್ಟಿಮಾಡಿ ನಿಂತೆ. ಬಂದದ್ದು ಬೈಗುಳವಲ್ಲ.

"ಹಲೋ ಹಲೋ, ವಸಂತಣ್ಣ, ನಾನು ಸುಧೀರ, ಸುಧೀರ. ಬಸ್ಸು ಸಿಗಲಿಲ್ಲ, ಸಿಗಲೇ ಇಲ್ಲ. ಈಗ ಬಂದೆ, ಈಗ ಬಂದೆ. ಪ್ರೂಫಾ? ಆಗಿದೆ, ಆಗಿದೆ."

ಮೂರು ವರ್ಷದಿಂದ ಒಂದು ನಗುವನ್ನೂ ಹೊರಬಿಡದ ಆ ಮನುಷ್ಯ ನನ್ನ ದನಿಯಲ್ಲಿ ಮಾತಾಡುತ್ತಿದ್ದರು. ಅದೂ ಹೇಗೆ, ಮಾತಿನ ತುದಿಯಲ್ಲಿ ನಾನು ಬಿಡುವ ಸಣ್ಣ ಉಸಿರಿನ ಸಮೇತ. ಊರಿನ ಬಾಯಿಗಳನ್ನೆಲ್ಲ ಅಷ್ಟು ಕಾಲ ಅಭ್ಯಾಸ ಮಾಡಿದವನಿಗೆ, ನನ್ನ ಬಾಯಿ ಒಂದೊಂದು ಮಾತನ್ನೂ ಎರಡೆರಡು ಸಲ ಹೊರಹಾಕುತ್ತದೆ ಎಂಬುದು ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಯಾವ ದನಿಯಲ್ಲಿ ಉತ್ತರ ಕೊಡಬೇಕೆಂದು ತೋಚಲಿಲ್ಲ. ಅವರದನ್ನು ಬಳಸುವಂತಿಲ್ಲ. ನನ್ನದು ಅವರ ಹತ್ತಿರ ಇತ್ತು.

"ಕೇಳು" ಎಂದರು ಅವರು, ತಮ್ಮ ದನಿಗೆ ಮರಳಿ. "ಹಳೆ ಮೌಸನ್ನು ಪ್ರಭುಗಳು ನೋಡಿದರು. ನಾನೂ ಕೂತು ಒತ್ತಿ ನೋಡಿದೆ. ಅದಕ್ಕೆ ಎಂತದೂ ಆಗಲಿಲ್ಲ. ಒಂದು ಒತ್ತಿದರೆ ಒಂದೇ."

"ಹಾಗಾದ್ರೆ ವಸಂತಣ್ಣ..."

"ಹಾಗಾದರೆ ಬೆರಳು."

ಸಂಜೆ ಅವರು ಬಂದಾಗ ಕೈಯಲ್ಲಿ ಆ ಕಪ್ಪು ಮೌಸು ಇತ್ತು. ಎರಡು ದಿನದ ಮಟ್ಟಿಗೆ ತಾವೇ ಮಾತು ಕೊಟ್ಟು ತಂದಿದ್ದರು. ಕುರ್ಚಿ ಎಳೆದು ನನ್ನ ಬದಿಯಲ್ಲಿ ಕುಳಿತು, "ನಿನ್ನ ಮಧ್ಯಾಹ್ನದ ಆಟ ಹಾಕು" ಎಂದರು. ಅದೂ ಅವರಿಗೆ ಗೊತ್ತಿತ್ತು. ಹೆದರುತ್ತಲೇ ಆಡಿದೆ. ಬೆರಳು ಟಕಟಕ, ಟಕಟಕ ಎಂದು ಜೋಡಿಜೋಡಿಯಾಗಿ ಬೀಳುತ್ತಿತ್ತು. ಶತ್ರು ಒಂದೇ ಗುಂಡಿಗೆ ಸಾಯುವ ಭರವಸೆ ಇಲ್ಲವಲ್ಲ. ಆಮೇಲೆ ಜನಾರ್ದನಣ್ಣನ ಕಾಗದ ತೆರೆಯಲು ಹೇಳಿದರು. ಬೆರಳು ಹಾಗೆಯೇ ಟಕಟಕ ಎಂದಿತು. ಮದುಮಗನನ್ನೂ ನಾನು ಎರಡೆರಡು ಸಲ ಹೊಡೆಯುತ್ತಿದ್ದೆ.

"ಏಳು" ಎಂದು ನನ್ನ ಜಾಗದಲ್ಲಿ ಕುಳಿತರು. ರಬ್ಬರ್ ಮೊಹರು ಒತ್ತುವವರಂತೆ ತೋರುಬೆರಳನ್ನು ಇಳಿಸಿದರು, ಕ್ಷಣ ತಡೆದು ಎತ್ತಿದರು. ಒಂದು ಹೆಸರು ಬಂತು. ಮತ್ತೆ ಇಳಿಸಿದರು, ತಡೆದರು, ಎತ್ತಿದರು. ನಾನು ಅವರ ಬಾಯಿಯನ್ನು ಇಷ್ಟು ವರ್ಷ ಕದ್ದದ್ದು ನಿಜ, ಆದರೆ ಆ ಕೈಯನ್ನು ಒಂದು ದಿನವೂ ನೋಡಿರಲಿಲ್ಲ. ಕಲಿಯಬೇಕಾದದ್ದೆಲ್ಲ ಅಲ್ಲಿತ್ತು, ನಾನು ನಗಿಸುವುದಕ್ಕೆ ಬೇಕಾದದ್ದನ್ನು ಮಾತ್ರ ಎತ್ತಿಕೊಂಡಿದ್ದೆ.

ಬುಧವಾರ ಪೂರ್ತಿ ನಾನು ವಸಂತಣ್ಣನಾಗಿ ಕೆಲಸ ಮಾಡಿದೆ. ಬಾಯಿಂದಲ್ಲ, ತೋರುಬೆರಳಿನಿಂದ. ಪ್ರತಿ ಸಲ ಇಳಿಸಿ, ತಡೆದು, ಎತ್ತಿದೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಬೆರಳನ್ನು ನನಗೇ ವಾಪಸು ಕೊಟ್ಟು ತಂಡದೊಡನೆ ಯುದ್ಧಕ್ಕೆ ಹೋದೆ. ಮೌಸು ಎರಡೂ ಪಾಳಿಯನ್ನು ತಕರಾರಿಲ್ಲದೆ ಮಾಡಿತು. ಅದಕ್ಕೆ ಯಾರು ಒತ್ತುತ್ತಾರೆ ಎಂಬ ವಿಚಾರಣೆಯೇ ಇಲ್ಲ.

ಗುರುವಾರ ಜನಾರ್ದನಣ್ಣ ಬಂದರು. ಹೊಸ ಕಾಗದದ ಪ್ರತಿ ಸಾಲಿನ ಕೆಳಗೂ ಉಗುರು ಎಳೆದು ಓದಿದರು. ಅವರ ಉಗುರು ಮದುಮಗನ ಹೆಸರಿನ ಹತ್ತಿರ ಬಂದಾಗ ನಾನು ಮೇಜಿನ ಕಾಲನ್ನು ಹಿಡಿದುಕೊಂಡಿದ್ದೆ. ಅದು ಮುಂದೆ ಹೋಗಿ, ಹಿಂದೆ ಬಂದು, ಅಲ್ಲೇ ನಿಂತಿತು.

"ಸರಿ ಉಂಟು" ಎಂದರು. "ಒಬ್ಬನೇ."

ವಸಂತಣ್ಣ ನನ್ನ ಕಡೆ ನೋಡಿ, "ನಾಳೆ ಉತ್ತರಕ್ರಿಯೆಯದ್ದು ಒಂದು ಉಂಟು, ಬೇಗ ಬಾ" ಎಂದರು. ನನ್ನ ಕೆಲಸ ಉಳಿದದ್ದು ನನಗೆ ತಿಳಿದದ್ದು ಹಾಗೆ.

ಜನಾರ್ದನಣ್ಣ ಮಾತ್ರ ಏಳಲಿಲ್ಲ. ಏನೋ ನಾಚಿಕೆಯಿಂದ ಕತ್ತು ತುರಿಸಿಕೊಂಡರು. "ಆ ಹಳೇ ಕಾಗದ ಬಿಸಾಡಿದ್ರಾ? ಒಂದಿಪ್ಪತ್ತು ಸಿಗಬಹುದಾ?"

"ಎಂತಕ್ಕೆ?" ಎಂದರು ವಸಂತಣ್ಣ.

"ಮಗಳಿಗೆ ಬೇಕಂತೆ. ಅವಳ ಫ್ರೆಂಡ್ಸಿಗೆ ಕೊಡಲಿಕ್ಕೆ. ಇಬ್ಬರಿದ್ರೆ ಒಳ್ಳೆಯದೇ ಅಪ್ಪ, ಒಬ್ಬ ಕೆಲಸಕ್ಕೆ, ಒಬ್ಬ ಆಟಕ್ಕೆ ಅಂತ ಹೇಳ್ತಾಳೆ. ಈಗಿನ ಮಕ್ಕಳು, ಎಂತ ಮಾಡುದು."

ವಸಂತಣ್ಣ ಮೂಲೆಯ ರಟ್ಟಿನ ಪೆಟ್ಟಿಗೆ ತೆರೆದು ಇಪ್ಪತ್ತು ಕಾಗದ ತೆಗೆದು ಕೊಟ್ಟರು. ಇಪ್ಪತ್ತೊಂದನೆಯದನ್ನು, ಯಾರೂ ನೋಡುತ್ತಿಲ್ಲವೆಂದುಕೊಂಡು, ತಮ್ಮ ಮೇಜಿನ ಗಾಜಿನ ಅಡಿಗೆ ಮೆಲ್ಲಗೆ ಸರಿಸಿದರು.