ಅಕ್ಕ ಕಂಡ ಮುಳ್ಳು

ಅಕ್ಕನಿಗೆ ಲಕ್ವ ಹೊಡೆದ ವರ್ಷ ನಾನೊಂದು ಹಳೆಯ ಕಾರು ಕೊಂಡೆ. ಅವಳ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ನಿಂತೇಹೋಗಿದ್ದ ಮಾತು ಒಂದೊಂದೇ ಪದವಾಗಿ ಮರಳುತ್ತಿತ್ತು. ವ್ಯಾಯಾಮ ಮಾಡಿಸಲು ವಾರವಾರ ಕೃಷ್ಣಗಿರಿಯ ಆಸ್ಪತ್ರೆಗೆ ಹೋಗಬೇಕಿತ್ತು. ನಮ್ಮೂರು ಬೇರಿಕೆಯಿಂದ ಅವಳನ್ನು ಬಸ್ಸು ಹತ್ತಿಸಿ ಇಳಿಸುವುದು ಆಗದ ಮಾತು. ಹೊಸೂರಿನ ಕಾರ್ಖಾನೆಯಲ್ಲಿ ನನಗೆ ರಜೆ ಇರುವ ದಿನ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ.

ಆ ಕಾರಿಗೂ ಒಂದು ಕಾಯಿಲೆಯಿತ್ತು. ಬೆಳಗ್ಗೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತಿತ್ತು. ಶೂಲಗಿರಿ ದಾಟಿ, ಎಂಜಿನ್ ಚೆನ್ನಾಗಿ ಕಾದ ಮೇಲೆ, ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಆಮೇಲೆ ಎಷ್ಟು ಸಲ ಕೀಲಿ ತಿರುಗಿಸಿದರೂ ಗರಗರ ಸದ್ದು ಬಿಟ್ಟರೆ ಬೇರೇನಿಲ್ಲ. ಬಾನೆಟ್ ಎತ್ತಿ ಒಂದಷ್ಟು ಹೊತ್ತು ಕಾದರೆ, ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಕೆಲವು ವಾರ ಎಲ್ಲೂ ನಿಲ್ಲದೆ ಹೋಗಿ ಬರುತ್ತಿತ್ತು. ಅದೇ ದೊಡ್ಡ ತಲೆನೋವು.

ಹೊಸೂರಿನ ಮೆಕಾನಿಕ್ ನನಗಿಂತ ಚಿಕ್ಕವನು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ. ಪ್ಲಗ್ಗು, ಪೆಟ್ರೋಲ್ ಫಿಲ್ಟರ್ ಬದಲಿಸಿದ, ಬ್ಯಾಟರಿಯ ವೈರುಗಳನ್ನು ಉಜ್ಜಿ ಬಿಗಿದ. ಅವನ ಶೆಡ್ಡಿನ ಮುಂದೆ ಮಾತ್ರ ಕಾರು ಒಮ್ಮೆಯೂ ನಿಲ್ಲಲಿಲ್ಲ.

"ಅಣ್ಣಾ, ನನ್ ಕಣ್ಮುಂದೆ ನಿಲ್ದೆ ಏನಂತ ಹೇಳ್ಳಿ? ಗೊತ್ತಿಲ್ದೆ ಒಂದೊಂದೇ ಸಾಮಾನು ಬಿಚ್ಚಾಕೋದು ನಂಗೂ ಇಷ್ಟ ಇಲ್ಲ," ಅಂದ. ಆ ನೇರ ಮಾತು ನನಗೆ ಹಿಡಿಸಿತು.

ಒಂದು ಸುಡುಬಿಸಿಲಿನ ದಿನ ಕಾರು ಮತ್ತೆ ನಿಂತಿತು. ಪಕ್ಕದ ಮಾವಿನ ತೋಟದಲ್ಲಿ ಕಾಯಿ ಕೀಳುತ್ತಿದ್ದವರು ಓಡಿಬಂದು ಕಾರನ್ನು ನೆರಳಿಗೆ ತಳ್ಳಿಕೊಟ್ಟರು. ಅವರಲ್ಲೊಬ್ಬ ಹೆಂಗಸು ಅಕ್ಕನಿಗೆ ತನ್ನ ಬಾಟಲಿಯ ನೀರು ಕುಡಿಸಿದಳು. ಆಗ ಅಕ್ಕ ನನ್ನ ತೋಳು ಹಿಡಿದೆಳೆದು "ಮುಳ್ಳು" ಅಂದಳು.

ಕಾಲಿಗೆ ಚುಚ್ಚಿರಬೇಕೆಂದು ಚಪ್ಪಲಿ ಬಿಚ್ಚಿ ಅಂಗಾಲು ನೋಡಿದೆ. ಏನೂ ಇರಲಿಲ್ಲ. ಅವಳಿಗೆ ರೇಗಿತು. ಎಡಗೈ ಚಾಚಿ ಸ್ಟೀರಿಂಗಿನ ಹಿಂದಿನ ಗುಂಡು ಮೀಟರಿನತ್ತ ತೋರಿಸಿದಳು. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಮೀಟರು ಅದು.

"ಮುಳ್ಳು... ಬಿದ್ದೋಯ್ತದೆ."

"ಗಾಡಿ ಓಡ್ತಿರೋವಾಗ್ಲೇನಾ ಅಕ್ಕ?"

"ಊಂ. ಯಾವಾಗ್ಲೂ."

ನನ್ನ ಕಣ್ಣು ರಸ್ತೆಯ ಮೇಲಿರುತ್ತಿತ್ತು. ಮಾತಾಡಲಾಗದೆ ಕೂತಿರುತ್ತಿದ್ದ ಅವಳು ಆ ಮುಳ್ಳನ್ನೇ ನೋಡುತ್ತಿದ್ದಳು.

ಅಲ್ಲಿಂದಲೇ ಮೆಕಾನಿಕ್ಕಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ಅಕ್ಕ ಹೇಳಿದ್ದು ನಿಜವಾದ್ರೆ ಅರ್ಧ ಕೆಲ್ಸ ಆದಂಗೆ. ಮುಂದಿನ ವಾರ ನಾನೂ ಬತ್ತೀನಿ," ಅಂದ. ಹೇಳಿದಂತೆ ಶೆಡ್ಡಿಗೆ ಬಾಗಿಲು ಹಾಕಿ, ಸಾಮಾನಿನ ಚೀಲ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತ.

ಶೂಲಗಿರಿ ದಾಟಿ ಒಂದು ಏರು ಹತ್ತುವಾಗ ಅಕ್ಕ "ಬಿತ್ತು" ಅಂದಳು. ಎಂಜಿನ್ ಸದ್ದು ಅಡಗಿದ್ದು ನನ್ನ ಕಿವಿಗೆ ಬಿದ್ದದ್ದು ಆಮೇಲೆ. ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ. ಅವನು ಮತ್ತೆ ಕೀಲಿ ತಿರುಗಿಸಲು ಹೇಳಿದ. ಎಂಜಿನ್ ಗರಗರ ತಿರುಗುತ್ತಿದ್ದರೂ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

"ಪೆಟ್ರೋಲ್ ಸಾಲ್ದಿದ್ರೆ ಗಾಡಿ ಎಳ್ದಾಡ್ಕೊಂಡು ನಿಲ್ತದೆ, ಮುಳ್ಳು ಮೆಲ್ಲಗೆ ಇಳೀತದೆ," ಅಂದ. "ಇಲ್ಲಿ ಎಂಜಿನ್ ತಿರುಗ್ತಾ ಇರೋದೇ ಗಾಡಿ ಒಳಗಿರೋ ಕಂಪ್ಯೂಟರ್‌ಗೆ ಗೊತ್ತಾಗ್ತಿಲ್ಲ. ಗೊತ್ತಾಗದಿದ್ರೆ ಅದು ಕಿಡೀನೂ ಕೊಡಲ್ಲ, ಪೆಟ್ರೋಲೂ ಬಿಡಲ್ಲ."

ಆ ಸುದ್ದಿ ಮುಟ್ಟಿಸುವ ಸೆನ್ಸರ್ ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಕಡೆ, ಕೆಳಗೆ ಇತ್ತು. ಹೆಬ್ಬೆರಳಷ್ಟು ದಪ್ಪದ ಪುಟ್ಟ ಸಾಮಾನು. ಅವನು ಬಟ್ಟೆಯನ್ನು ನೀರಲ್ಲಿ ಅದ್ದಿ, ಕೈ ತೂರಿಸಿ, ಅದರ ಮೇಲೆ ಒತ್ತಿ ಹಿಡಿದ. ಬಿಸಿ ಆರಿದ ಮೇಲೆ ಕೈ ಈಚೆಗೆ ತೆಗೆದು ಕೀಲಿ ತಿರುಗಿಸಲು ಹೇಳಿದ. ಮುಳ್ಳು ಎದ್ದಿತು, ಎಂಜಿನ್ ಸ್ಟಾರ್ಟ್ ಆಯಿತು. ಎಂಜಿನ್ ಮತ್ತೆ ಬಿಸಿಯಾಗುವವರೆಗೆ ಓಡಿಸಿದಾಗ ನಿಂತಿತು, ಒದ್ದೆ ಬಟ್ಟೆ ಇಟ್ಟಾಗ ಸ್ಟಾರ್ಟ್ ಆಯಿತು. ಅವನಿಗೆ ಅನುಮಾನ ಉಳಿಯಲಿಲ್ಲ.

"ಅಕ್ಕಾ, ನೀವ್ ನೋಡಿಲ್ದಿದ್ರೆ ನಾನಿನ್ನೂ ಪೆಟ್ರೋಲ್ ಪಂಪ್ ಬಿಚ್ತಾ ಇರ್ತಿದ್ದೆ," ಅಂದ. ಅಕ್ಕ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಅಷ್ಟು ಮನಸಾರೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಕೃಷ್ಣಗಿರಿ ಮುಟ್ಟುವಾಗ ಆಸ್ಪತ್ರೆಯ ಊಟದ ಹೊತ್ತು ಮೀರಿತ್ತು. ವ್ಯಾಯಾಮ ಮಾಡಿಸುವ ಹುಡುಗಿ ಡಬ್ಬಿ ಮುಚ್ಚಿಟ್ಟು ನಮಗಾಗಿ ಕಾದಿದ್ದಳು. ಅಕ್ಕನ ವ್ಯಾಯಾಮ ಮುಗಿಯುವಷ್ಟರಲ್ಲಿ ಮೆಕಾನಿಕ್ ಊರೆಲ್ಲ ಹುಡುಕಿ ಹೊಸ ಸೆನ್ಸರ್ ತಂದು, ಆಸ್ಪತ್ರೆ ಮುಂದಿನ ಮರದ ಕೆಳಗೇ ಹಾಕಿಕೊಟ್ಟಿದ್ದ. ಆಮೇಲೆ ಆ ಕಾರು ನಮ್ಮನ್ನು ದಾರಿಯಲ್ಲಿ ಬಿಟ್ಟಿಲ್ಲ.

ಅವರೆಕಾಯಿ ಕಾಲ ಬಂದಾಗ ಅಕ್ಕ ಕೋಲೂರಿ ನಡೆಯುವಂತಾಗಿದ್ದಳು. ಒಲೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, ನನ್ನ ಹೆಂಡತಿಗೆ ಹೇಳಿಕೊಡುತ್ತ ಹಿದುಕಿದ ಬೇಳೆ ಸಾರು ಮಾಡಿಸಿದಳು. ದೊಡ್ಡ ಡಬ್ಬಿಯೊಂದನ್ನು ಮೆಕಾನಿಕ್ಕಿನ ಮನೆಗೆಂದು ಎತ್ತಿಡಿಸಿ, ಡ್ಯೂಟಿಗೆ ಹೊರಟಿದ್ದ ನನ್ನನ್ನು ಕರೆದಳು.

"ಆರೋಗೋಕ್ ಮುಂಚೆ ಕೊಟ್ಬುಟ್ಟು ಹೋಗು ಕಣ್ಲಾ," ಅಂದಳು, ಒಂದೂ ಪದ ತಡವರಿಸದೆ.